ಡ್ರಿಲ್ ಮೇಷ್ಟ್ರು ಕೊಟ್ಟ ಜಾಗ

ಆ ಊರಿನಲ್ಲಿ ಡ್ರಿಲ್ ಮೇಷ್ಟ್ರು ಎಂದರೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಹೈಸ್ಕೂಲಿನ ಮೈದಾನದಲ್ಲಿ ಎರಡು ತಲೆಮಾರಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಪೀಪಿ ಊದಿ, ಎಡಕ್ಕೆ ಬಲಕ್ಕೆ ತಿರುಗಿಸಿ, ಅಪ್ಪನಿಗೂ ಮಗನಿಗೂ ಒಂದೇ ಗಂಟಲಲ್ಲಿ ಬೈದವರು ಅವರು. ಮೈ ಒಣಕಲು, ಮೀಸೆ ಮಾತ್ರ ದಪ್ಪ. ಬೀದಿಯಲ್ಲಿ ಹೋಗುವಾಗಲೂ ಮುಂದೆ ಯಾರೋ ಧ್ವಜ ಹಿಡಿದು ನಡೆಯುತ್ತಿದ್ದಾರೆ ಎಂಬಂತೆ ಎದೆ ಸೆಟೆಸಿಕೊಂಡೇ ನಡಿಗೆ. ಹೆಂಡತಿ ಮದುವೆಯಾದ ಸ್ವಲ್ಪ ಕಾಲಕ್ಕೇ ತೀರಿಕೊಂಡಳು, ಮಕ್ಕಳಿರಲಿಲ್ಲ. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅಕ್ಕ ಮನೆ ನೋಡಿಕೊಂಡಳು. ತಾಯಿಯಿಲ್ಲದ ತಮ್ಮನನ್ನು ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಊರಿಗೆಲ್ಲ ಗದರುವ ಮೇಷ್ಟ್ರು ಮನೆಯ ಹೊಸ್ತಿಲು ದಾಟಿದರೆ ಬೆಕ್ಕಿನ ಮರಿ. ಅಕ್ಕ ತಟ್ಟೆ ಇಟ್ಟಾಗ ಉಣ್ಣಬೇಕು, ಅಕ್ಕ ದೀಪ ಆರಿಸಿದಾಗ ಮಲಗಬೇಕು.

ಆಮೇಲೆ ಗುಡ್ಡದಾಚೆಯ ನಾಡಿನಲ್ಲಿ ಹೊಡೆದಾಟ ಶುರುವಾಯಿತು. ಜನ ಹಾಸಿಗೆ, ಪಾತ್ರೆ, ಕೈಕೂಸುಗಳನ್ನು ಹೊತ್ತುಕೊಂಡು ಗುಡ್ಡ ಇಳಿದು ಬಂದರು. ಮೊದಮೊದಲು ಊರಿನವರು ಅಯ್ಯೋ ಪಾಪ ಎಂದರು, ಸ್ವಲ್ಪ ದಿನಕ್ಕೆ ಇವರಿಂದಾಗಿ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಮೂಗು ಮುರಿದರು. ಮೈದಾನದ ತುಂಬ ಟೆಂಟುಗಳೆದ್ದವು. ಶಾಲೆ ಮುಚ್ಚಿತು. ಮೇಷ್ಟ್ರ ಅನ್ನಕ್ಕೆ ಕಲ್ಲು ಬಿತ್ತು.

ಅದೇ ಹೊತ್ತಿಗೆ ನಿರಾಶ್ರಿತರಿಗೆ ಅನ್ನ, ಔಷಧಿ, ಟೆಂಟು ಹಂಚುವ ಒಂದು ದೊಡ್ಡ ಸಂಸ್ಥೆ ಊರಿನಲ್ಲಿ ಕಚೇರಿ ತೆರೆಯಿತು. ಹೊರನಾಡುಗಳಿಂದ ಅಧಿಕಾರಿಗಳು ಬಂದಿಳಿದರು. ಅವರ ಕೆಳಗೆ ಉಗ್ರಾಣಕ್ಕೆ, ಅಡುಗೆಗೆ, ಕಸ ಗುಡಿಸಲಿಕ್ಕೆ, ಗಾಡಿ ಓಡಿಸಲಿಕ್ಕೆ ಊರಿನವರನ್ನೇ ತೆಗೆದುಕೊಂಡರು. ಇಷ್ಟು ಜನರ ಜೀವಕ್ಕೆ ಅಪಾಯ ಬಾರದಂತೆ ನೋಡಿಕೊಳ್ಳಲು, ದಾರಿ ಬಲ್ಲ, ಜನ ಬಲ್ಲ, ಒಂದು ಕೂಗಿಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಬಲ್ಲ ಮನುಷ್ಯ ಬೇಕಾಗಿತ್ತು. ಊರಿನವರು ಒಂದೇ ಬಾಯಲ್ಲಿ ಮೇಷ್ಟ್ರ ಹೆಸರು ಹೇಳಿದರು. ಹೀಗೆ ಡ್ರಿಲ್ ಮೇಷ್ಟ್ರು ಸಿಬ್ಬಂದಿ ಭದ್ರತೆಯ ಮೇಲ್ವಿಚಾರಕರಾದರು. ಕತ್ತಿನಲ್ಲಿ ಪೀಪಿಯ ಜೊತೆಗೆ ಫೋಟೋ ಇರುವ ಗುರುತಿನ ಚೀಟಿಯೂ ನೇತಾಡತೊಡಗಿತು. ತಿಂಗಳು ಕಳೆಯುವಷ್ಟರಲ್ಲಿ ಅಕ್ಕನನ್ನೂ ಕಚೇರಿಯ ಅಡುಗೆಮನೆಗೆ ಸೇರಿಸಿದರು.

ಕೆಲಸದಲ್ಲಿ ಮೇಷ್ಟ್ರನ್ನು ಬೆರಳು ಮಾಡಿ ತೋರಿಸುವಂತಿರಲಿಲ್ಲ. ಬೆಳಿಗ್ಗೆ ಎದ್ದವರೇ ದಾರಿಯುದ್ದಕ್ಕೂ ಇರುವ ಪರಿಚಯದವರಿಗೆ ಫೋನು. ಪಂಕ್ಚರ್ ಅಂಗಡಿಯವನ ಹತ್ತಿರ ಅಂಗಡಿ ತೆಗೆದೆಯಾ ಎಂದು, ಹಾಲಿನವನ ಹತ್ತಿರ ಸೈಕಲ್ ಯಾವ ದಾರಿಯಲ್ಲಿ ಬಂತು ಎಂದು ಕೇಳಿ, ಅವರ ದನಿಯಲ್ಲೇ ದಾರಿಯ ಕ್ಷೇಮ ತಿಳಿದುಕೊಂಡು, ಆಮೇಲೆ ಗಾಡಿ ಬಿಡುವುದು. ಕಚೇರಿಯ ಕಿಟಕಿ ಗಾಜುಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸಿದರು, ಬಾಂಬು ಬಿದ್ದರೆ ಚೂರು ಹಾರಬಾರದೆಂದು. ಮೆಟ್ಟಿಲ ಕೆಳಗಿನ ಕೋಣೆಗೆ ಮರಳು ಮೂಟೆ ಜೋಡಿಸಿದರು. ಗಾಡಿಗಳು ಯಾವಾಗಲೂ ಗೇಟಿನ ಕಡೆ ಮುಖ ಮಾಡಿ ನಿಲ್ಲಬೇಕು, ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಯಾವನಾದರೂ ಡ್ರೈವರ್ ಹಿಂದುಮುಂದಾಗಿ ನಿಲ್ಲಿಸಿದನೋ, ಅವನ ಗ್ರಹಚಾರ ಬಿಡಿಸುತ್ತಿದ್ದರು.

ಇನ್ನು ಡ್ರಿಲ್. ಊರು ಬಿಟ್ಟು ಓಡಬೇಕಾದ ದಿನ ಬಂದರೆ ಹೇಗೆ ಓಡಬೇಕು ಎಂಬುದನ್ನು ತಿಂಗಳಿಗೊಮ್ಮೆ ಅಭ್ಯಾಸ ಮಾಡಿಸಿ, ಎಷ್ಟು ಬೇಗ ಗಾಡಿ ಹತ್ತಿದಿರಿ ಎಂದು ಕೇಂದ್ರ ಕಚೇರಿಗೆ ತಿಳಿಸಬೇಕು. ಮೂರು ಬಿಳಿ ಗಾಡಿ, ಒಂದೊಂದರಲ್ಲೂ ಯಾರು ಎಲ್ಲಿ ಕೂರಬೇಕೆಂಬುದು ಮೊದಲೇ ಗೊತ್ತಾಗಿರಬೇಕು. ಕೆಲಸಕ್ಕೆ ಸೇರಿದ ವಾರವೇ ಕಚೇರಿಯ ಮುಖ್ಯಸ್ಥೆ ಮೇಷ್ಟ್ರನ್ನು ಕೂರಿಸಿಕೊಂಡು ನಿಯಮ ವಿವರಿಸಿದ್ದರು. ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯುವುದು. ಸಂಸ್ಥೆ ಹೊರಗಿನಿಂದ ಯಾರನ್ನು ಕರೆದು ತಂದಿದೆಯೋ ಅವರನ್ನು ವಾಪಸು ಕರೆದೊಯ್ಯುವ ಹೊಣೆ ಸಂಸ್ಥೆಯದು. ದಾರಿ ತೋರಿಸುವವರೆಂದು ಮುಂದಿನ ಗಾಡಿಯಲ್ಲಿ ಮೇಷ್ಟ್ರಿಗೂ ಒಂದು ಜಾಗ. ಅಷ್ಟೇ.

"ಮತ್ತೆ ನಮ್ಮೂರಿನವರು, ಮೇಡಂ?" ಎಂದು ಮೇಷ್ಟ್ರು ಕೇಳಿದರು.

"ಅವರಿಗೆ ಮುಂಗಡ ಸಂಬಳ ಕೊಟ್ಟು, ಮನೇಲಿ ಇರಿ ಅಂತ ಹೇಳೋದು. ಅವರ ಮನೆ ಇಲ್ಲೇ ಇದೆಯಲ್ಲ ಮೇಷ್ಟ್ರೇ."

ಎಷ್ಟು ಸರಿಯಾದ ಮಾತು ನೋಡಿ. ಮನೆ ಇರುವವನು ಎಲ್ಲಿಗೆ ಓಡಬೇಕು? ಬಂದೂಕಿನವರು ಆ ಮನೆಯ ಬಾಗಿಲಿಗೇ ಬಂದು ಸಂಸ್ಥೆಯಲ್ಲಿ ದುಡಿದವರು ಯಾರು ಎಂದು ಕೇಳುತ್ತಾರೆ ಎಂಬುದು ಆ ನಿಯಮ ಬರೆದವರ ತಲೆಗೆ ಹೊಳೆಯಲಿಲ್ಲ, ಅಥವಾ ಹೊಳೆದರೂ ಅವರಿಗೆ ಏನೂ ಅನ್ನಿಸಲಿಲ್ಲ. ಮೇಷ್ಟ್ರು ತಲೆಯಾಡಿಸಿದರು. ಅಂಥ ದಿನ ಎಲ್ಲಿ ಬರುತ್ತದೆ ಎಂದುಕೊಂಡರು. ನಾವು ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದೆವು.

ಯಡವಟ್ಟಾದದ್ದು ಮೊದಲ ಡ್ರಿಲ್ಲಿನಲ್ಲೇ. ಮೇಷ್ಟ್ರು ಪೀಪಿ ಊದಿದರೆ ಅಧಿಕಾರಿಗಳು ಒಬ್ಬರೂ ಮಹಡಿಯಿಂದ ಇಳಿಯಲಿಲ್ಲ. ಒಬ್ಬರಿಗೆ ಮೀಟಿಂಗು, ಇನ್ನೊಬ್ಬರಿಗೆ ಫೋನು, ಡಾಕ್ಟರಿಗೆ ತಲೆನೋವು. ಮೇಡಂ ಬಾಗಿಲಿನಿಂದ ತಲೆ ಹೊರಹಾಕಿ, "ಯಾರನ್ನಾದ್ರೂ ಕೂರಿಸಿ ಮುಗಿಸಿಬಿಡಿ ಮೇಷ್ಟ್ರೇ" ಎಂದು ಬಾಗಿಲು ಹಾಕಿಕೊಂಡರು. ಸೀಟು ಖಾಲಿ ಬಿಟ್ಟು ಗಾಡಿ ಓಡಿಸಿದರೆ ಅದೆಂಥ ಡ್ರಿಲ್? ಮೇಷ್ಟ್ರು ಅಂಗಳದಲ್ಲಿ ಕೈಗೆ ಸಿಕ್ಕವರನ್ನೆಲ್ಲ ಕರೆದರು. ಮೇಡಂ ಕೂರಬೇಕಾದಲ್ಲಿ ಅಕ್ಕನನ್ನು ಕೂರಿಸಿದರು. ಡಾಕ್ಟರ ಜಾಗದಲ್ಲಿ ಉಗ್ರಾಣದವನು, ಲೆಕ್ಕದ ಅಧಿಕಾರಿಯ ಜಾಗದಲ್ಲಿ ಕಸ ಗುಡಿಸುವವಳು. ಹೀಗೇ ಮೂರೂ ಗಾಡಿ ತುಂಬಿತು. ಮುಂದಿನ ತಿಂಗಳೂ ಹಾಗೇ, ಅದರ ಮುಂದಿನ ತಿಂಗಳೂ ಹಾಗೇ. ಅಧಿಕಾರಿಗಳು ಕೊನೆಯವರೆಗೂ ಒಂದು ಸಲವೂ ಇಳಿದು ಬರಲಿಲ್ಲ.

ನೀವು ಇಂಥವರ ಬದಲಿಗೆ ಕೂತಿದ್ದೀರಿ ಎಂದು ಮೇಷ್ಟ್ರು ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಮೊದಲ ಸಲ ಬಾಯಿ ತೆರೆದಿದ್ದರು. ಆದರೆ ಅವರೊಳಗಿನ ಹಳೆಯ ಮೇಷ್ಟ್ರು ತಡೆದುಬಿಟ್ಟರು. ಯಾರದೋ ಬದಲಿಗೆ ಹಾಜರಿ ಹೇಳಲು ಕಳಿಸಿದ ಹುಡುಗ ಕಾಲೆಳೆದುಕೊಂಡು ಬರುತ್ತಾನೆ, ತನ್ನದೇ ಎಂದರೆ ಬಿದ್ದಂಬೀಳ ಓಡಿ ಬರುತ್ತಾನೆ. ಇದು ಮೈದಾನ ಅವರಿಗೆ ಕಲಿಸಿದ ಪಾಠ. ಆದ್ದರಿಂದ ಒಬ್ಬೊಬ್ಬರನ್ನೂ ತೋಳು ಹಿಡಿದು ಕೂರಿಸಿ, "ಇದು ನಿನ್ನ ಜಾಗ. ಕಣ್ಣು ಮುಚ್ಚಿಕೊಂಡು ಬಂದ್ರೂ ಇಲ್ಲೇ ಬಂದು ಕೂರಬೇಕು" ಎಂದರು. ಅವರೂ ಹಾಗೇ ಕೂತರು. ಆ ಕಚೇರಿಯಷ್ಟು ಬೇಗ ಗಾಡಿ ಹತ್ತುವ ಕಚೇರಿ ಸುತ್ತಲ ಯಾವ ನಾಡಿನಲ್ಲೂ ಇಲ್ಲವೆಂದು ಕೇಂದ್ರದಿಂದ ಶಹಬ್ಬಾಸ್ ಬಂತು. ಮೇಷ್ಟ್ರ ಮೀಸೆ ಇನ್ನಷ್ಟು ದಪ್ಪಗಾಯಿತು.

ಅಕ್ಕನಿಗಂತೂ ಡ್ರಿಲ್ಲೆಂದರೆ ಸಂಭ್ರಮ. ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಸೌಟನ್ನು ಕಿವಿಗೆ ಹಿಡಿದುಕೊಂಡು, ಮೇಡಂ ಹಾಗೆಯೇ ಹುಬ್ಬು ಗಂಟಿಕ್ಕಿ, "ಯೆಸ್, ಯೆಸ್, ರಿಪೋರ್ಟ್ ಕಳ್ಸಿ, ಇವತ್ತೇ ಕಳ್ಸಿ" ಎನ್ನುತ್ತಿದ್ದಳು. ಗುಡಿಸುವವಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಓಡುವ ದಿನಕ್ಕೆಂದು ಪ್ರತಿಯೊಬ್ಬರೂ ಒಂದು ಚೀಲ ಕಟ್ಟಿಟ್ಟಿರಬೇಕೆಂಬುದು ಮೇಷ್ಟ್ರ ಅಪ್ಪಣೆ. ನೀರಿನ ಬಾಟಲಿ, ಮಾತ್ರೆ, ಕಾಗದಪತ್ರ, ಒಂದು ಜೊತೆ ಬಟ್ಟೆ, ಇಷ್ಟೇ. ಅಕ್ಕನ ಚೀಲದಲ್ಲಿ ಮಾತ್ರ ಕುಕ್ಕರ್ ಇತ್ತು.

"ಅಕ್ಕ, ಕುಕ್ಕರ್ ತೆಗಿ. ಇದು ನಿಯಮ."

"ನಿನ್ನ ನಿಯಮ ನೀನಿಟ್ಕೋ. ಅಲ್ಲಿಗೆ ಹೋದ್ಮೇಲೆ ನಿನ್ನ ಮೇಡಂಗೆ ಬೇಯಿಸಿ ಹಾಕೋರು ಯಾರು? ನೀನಾ?"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು, ಕುಕ್ಕರಿನ ಮಾತು ಅಲ್ಲಿಗೇ ಬಿಟ್ಟರು.

ಮೂರನೆಯ ವರ್ಷ ಗುಡ್ಡದಾಚೆಯ ಬೆಂಕಿ ಈಚೆಗೂ ಬಂತು. ಬಂದೂಕಿನವರು ಒಂದೊಂದೇ ಹಳ್ಳಿ ಹಿಡಿಯುತ್ತ ಇಳಿದರು. ಸಂಸ್ಥೆಯವರೆಲ್ಲ ಗೂಢಚಾರರು, ಅವರ ಅನ್ನ ತಿಂದವರಿಗೆ ತಕ್ಕ ಶಾಸ್ತಿ ಮಾಡುತ್ತೇವೆ ಎಂದು ರೇಡಿಯೋದಲ್ಲಿ ಕೂಗಿ ಹೇಳಿದರು. ಊರು ಖಾಲಿಯಾಗತೊಡಗಿತು. ನದಿಯಾಚೆಯ ನಾಡಿಗೆ ಹೋಗುವ ಬಸ್ಸುಗಳ ಟಾಪಿನ ಮೇಲೂ ಜನ. ಬೀದಿಯಲ್ಲಿ ಮನೆಗೊಂದು ಬೀಗ ಕಾಣಿಸಿಕೊಂಡಿತು. ಆದರೆ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಊರಿನವರು ಒಬ್ಬರೂ ಬಸ್ಸು ಹತ್ತಲಿಲ್ಲ. ನಿಜವಾಗಿ ಮೊದಲು ಹೊರಡಬೇಕಾಗಿದ್ದವರು ಅವರೇ.

ಉಗ್ರಾಣದವನು ಒಂದು ದಿನ ಮೂಟೆಗಳ ನಡುವೆ ಮೇಷ್ಟ್ರನ್ನು ನಿಲ್ಲಿಸಿಕೊಂಡ. ಮೂವತ್ತೈದರ ಆಸುಪಾಸಿನ, ತೊದಲುವ, ಸಾಧು ಮನುಷ್ಯ. ಹಿಂದೆ ಅವನೂ ಮೈದಾನದಲ್ಲಿ ಮೇಷ್ಟ್ರ ಪೀಪಿಗೆ ಕುಣಿದವನೇ.

"ಮೇಷ್ಟ್ರೇ, ನನ್ನ ಭಾವ ನದಿ ಆಚೆಯಿಂದ ಫೋನ್ ಮೇಲೆ ಫೋನ್ ಮಾಡ್ತಿದ್ದಾನೆ, ಬಂದ್ಬಿಡಿ ಅಂತ. ಹೆಂಡ್ತಿ ಮಕ್ಕಳನ್ನ ಕಳಿಸ್ಲಾ?"

"ಕಳ್ಸು" ಎಂದರು ಮೇಷ್ಟ್ರು, ಎಲ್ಲೋ ನೋಡುತ್ತ. "ನೀನೂ ಹೋಗ್ಬಿಡು, ಏನು ಇಲ್ಲಿ."

"ನಾನ್ಯಾಕೆ ಹೋಗ್ಲಿ? ನಂಗೆ ಸೀಟಿದೆಯಲ್ಲ." ಅವನು ನಕ್ಕ. "ನನ್ನ ಬಿಟ್ಟು ಅವಳು ಹೋಗಲ್ಲ ಅಂತಾಳೆ. ಚಿಕ್ಕವನನ್ನ ತೊಡೆ ಮೇಲೆ ಕೂರಿಸ್ಕೊಂಡ್ರೆ ಆಗಲ್ವಾ ಮೇಷ್ಟ್ರೇ? ದೊಡ್ಡವಳು ಅವಳಮ್ಮನ ಜೊತೆ ಡಿಕ್ಕಿಯಲ್ಲಾದ್ರೂ ಕೂರ್ತಾಳೆ."

ಹೇಳಬೇಕಾದ ಮಾತು ಒಂದೇ ಒಂದು. ನಿನಗೆ ಸೀಟಿಲ್ಲ ಕಣೋ. ಅಷ್ಟನ್ನು ಹೇಳಿದ್ದರೆ ಅವನು ಅವತ್ತೇ ಸಂಸಾರ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದ. ಆದರೆ ಮೇಷ್ಟ್ರು "ನೋಡೋಣ" ಎಂದು ಹೇಳಿ ಅಲ್ಲಿಂದ ಕಾಲು ಕಿತ್ತರು. ನೋಡೋಣ ಎನ್ನುವುದು ಎಂಥ ಹೇಡಿ ಮಾತು ಎಂದು ಆ ದಿನ ಅವರಿಗೆ ಗೊತ್ತಾಯಿತು.

ಅಲ್ಲಿಂದ ನೇರ ಮಹಡಿ ಹತ್ತಿ ಮೇಡಂ ಎದುರು ನಿಂತರು.

"ಮೇಡಂ, ಈಗಲಾದ್ರೂ ಅವರಿಗೆ ಹೇಳ್ಬಿಡೋಣ. ಬಸ್ಸುಗಳು ಇನ್ನೂ ಓಡ್ತಿವೆ."

ಮೇಡಂ ಕೆಟ್ಟವರಾಗಿರಲಿಲ್ಲ. ಅವರ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು, ಕುಡಿಯದೆ ಬಿಟ್ಟ ಚಹಾ ಲೋಟಗಳು ಮೇಜಿನ ಮೇಲೆ ಸಾಲುಗಟ್ಟಿದ್ದವು. "ಹೇಳಿದ್ರೆ ನಾಳೆ ಒಬ್ಬರೂ ಕೆಲಸಕ್ಕೆ ಬರಲ್ಲ ಮೇಷ್ಟ್ರೇ" ಎಂದರು. "ಉಗ್ರಾಣ ತೆಗೆಯೋರು ಯಾರು, ಲಾರಿ ಓಡಿಸೋರು ಯಾರು? ಶಿಬಿರದ ಜನ ಹಸಿದು ಮಲಗ್ತಾರೆ. ಅದನ್ನ ನೀವು ತಲೆ ಮೇಲೆ ಹೊತ್ಕೋತೀರಾ?"

ಮೇಷ್ಟ್ರು ಮೇಜಿನ ಹತ್ತಿರ ಸರಿದರು. "ನಮ್ಮಕ್ಕನಿಗೆ ಒಬ್ಬಳಿಗಾದ್ರೂ..."

"ಒಬ್ಬರಿಗೆ ಕೊಟ್ರೆ ಎಲ್ಲರೂ ಕೇಳ್ತಾರೆ. ನಂಗೆ ಆ ಅಧಿಕಾರ ಇಲ್ಲ."

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು, ಪೀಪಿಯನ್ನು ಮೇಜಿನ ಮೇಲೆ ಎಸೆದು ಬರಬಹುದಿತ್ತು. ಮೇಷ್ಟ್ರು ಮೆಟ್ಟಿಲಿಳಿದು ಬಂದು ಗಾಡಿಗಳ ಟೈರಿನ ಗಾಳಿ ನೋಡಿದರು. ಮನುಷ್ಯ, ಮಾಡಬೇಕಾದ ಕೆಲಸ ಮಾಡಲಾಗದಿದ್ದಾಗ ಗೊತ್ತಿರುವ ಕೆಲಸ ಮಾಡುತ್ತಾನೆ.

ಆ ಸಂಜೆ ಅಕ್ಕನಿಗೆ ಸುತ್ತಿ ಬಳಸಿ ಹೇಳಲು ನೋಡಿದರು. ನದಿಯಾಚೆ ಚಿಕ್ಕಮ್ಮನ ಮಗಳ ಮನೆಯಿದೆ, ಅವಳೂ ಒಂಟಿ, ನಾಲ್ಕು ದಿನ ಇದ್ದು ಬಾ ಎಂದರು. ಅಕ್ಕ ಬಟ್ಟೆ ಮಡಚುತ್ತಿದ್ದಳು.

"ಆ ಮಹಾತಾಯಿ ಮನೆಗಾ? ಒಂದು ಲೋಟ ನೀರು ಕೊಡೋಕೆ ಹತ್ತು ಸಲ ಯೋಚನೆ ಮಾಡ್ತಾಳೆ. ನಂಗೇನು ಕರ್ಮ?"

"ಬಂದೂಕಿನವರು ಬರ್ತಿದ್ದಾರಕ್ಕ."

"ಬರ್ಲಿ. ನೀನಿದೀಯ, ಗಾಡಿ ಇದೆ, ನನ್ನ ಸೀಟಿದೆ. ಬಸ್ಸಿನ ಟಾಪಲ್ಲಿ ಕೂತು ಹೋಗೋ ಹಣೆಬರಹ ನಂಗ್ಯಾಕೆ?" ಎಂದವಳು ತಮ್ಮನ ಮುಖ ನೋಡಿ ದನಿ ಇಳಿಸಿದಳು. "ಯಾಕೋ ಮುಖ ಹಿಂಗಾಗಿದೆ? ಹೆದರ್ಕೋಬೇಡ. ಎಷ್ಟು ಸಲ ಅಭ್ಯಾಸ ಮಾಡ್ಸಿದೀಯ, ನಮಗೆಲ್ಲ ಬಾಯಿಪಾಠ ಆಗಿದೆ."

ಮೇಷ್ಟ್ರು ಎದ್ದು ಹಿತ್ತಲಿಗೆ ಹೋದರು. ನಾಳೆ ಹೇಳಿಬಿಡುತ್ತೇನೆ ಎಂದುಕೊಂಡರು. ಮರುದಿನ ಬಸ್ಸುಗಳು ನಿಂತುಹೋದವು.

ವಾರ ಕಳೆಯಲಿಲ್ಲ. ಒಂದು ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಕೇಂದ್ರದಿಂದ ಅಪ್ಪಣೆ ಬಂತು, ತಕ್ಷಣ ಹೊರಡಿ ಎಂದು. ನದಿಯ ಸೇತುವೆಯ ಮೇಲೆ ಆಗಲೇ ಬಂದೂಕಿನವರು ನಿಂತಿದ್ದರು. ಯಾರ್ಯಾರ ಕೈಕಾಲು ಹಿಡಿದೋ ಒಂದು ಒಪ್ಪಂದವಾಗಿತ್ತು. ಮಧ್ಯಾಹ್ನದವರೆಗೆ ಸಂಸ್ಥೆಯ ಬಾವುಟ ಕಟ್ಟಿದ ಮೂರು ಗಾಡಿಗಳನ್ನು, ಹೊರನಾಡಿನವರು, ಡ್ರೈವರುಗಳು, ದಾರಿ ತೋರಿಸುವ ಒಬ್ಬರು ಇವರನ್ನು ಮಾತ್ರ, ತಡೆಯದೆ ಬಿಡುತ್ತಾರಂತೆ. ಮೇಡಂ ಮಹಡಿಯಿಂದ ಕೂಗಿದರು. ಮೇಷ್ಟ್ರಿಗೆ ಬೇರೆ ಏನೂ ಹೊಳೆಯಲಿಲ್ಲ. ತಲೆಗಿಂತ ಮೊದಲು ಕೈ ಓಡಿತು. ಪೀಪಿ ಬಾಯಿಗೆ ಹೋಯಿತು.

ಊದಿದ ಮೇಲಷ್ಟೇ ಅವರಿಗೆ ತಾನೇನು ಮಾಡಿದೆ ಎಂದು ತಿಳಿಯಿತು. ಅಡುಗೆಮನೆಯಿಂದ, ಉಗ್ರಾಣದಿಂದ, ಹಿತ್ತಲಿನಿಂದ ಊರಿನವರೆಲ್ಲ ಚೀಲ ಹಿಡಿದು ಓಡಿ ಬಂದರು. ಯಾರೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ, ಯಾರೂ ಕೂಗಲಿಲ್ಲ. ಯಾರು ಮೊದಲು ಹತ್ತಬೇಕು, ಯಾರು ಸರಿದು ಕೂರಬೇಕು, ಎಲ್ಲ ಕಲಿಸಿದ ಹಾಗೆಯೇ. ಬಾಗಿಲುಗಳು ಧಪಧಪ ಮುಚ್ಚಿಕೊಂಡವು. ಅಷ್ಟು ಚೆಂದದ ಡ್ರಿಲ್ಲನ್ನು ಮೇಷ್ಟ್ರು ತಮ್ಮ ಜೀವಮಾನದಲ್ಲಿ ನೋಡಿರಲಿಲ್ಲ. ಗುಡಿಸುವವಳು ಕಿಟಕಿಯಿಂದ ತಲೆ ಹಾಕಿ, "ಇವತ್ತು ನಾವೇ ಫಸ್ಟ್ ಅಲ್ವಾ ಮೇಷ್ಟ್ರೇ?" ಎಂದಳು. ಅವಳಿಗೆ ಇದು ನಿಜವಾದ ದಿನವೆಂದೇ ಇನ್ನೂ ಗೊತ್ತಿರಲಿಲ್ಲ.

ಆಮೇಲೆ ಅಧಿಕಾರಿಗಳು ಲ್ಯಾಪ್‌ಟಾಪು, ಬೆನ್ನಚೀಲ ಹೊತ್ತು ಮೆಟ್ಟಿಲಿಳಿದು ಬಂದರು. ತಮ್ಮ ತಮ್ಮ ಗಾಡಿ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ, ಒಂದು ದಿನವೂ ಅಭ್ಯಾಸಕ್ಕೆ ಬಂದವರಲ್ಲವಲ್ಲ. ತುಂಬಿದ ಗಾಡಿಗಳ ಮುಂದೆ ದಾರಿ ತಪ್ಪಿದವರಂತೆ ನಿಂತರು. ಮೇಡಂ ಒಳಗೆ ಕೂತವರನ್ನು ನೋಡಿದರು, ಮೇಷ್ಟ್ರನ್ನು ನೋಡಿದರು.

"ಮೇಷ್ಟ್ರೇ, ಅವರಿಗೆ ಹೇಳಿ. ಹೊತ್ತಿಲ್ಲ."

ಇಳಿಸುವುದಕ್ಕೆ ಡ್ರಿಲ್ ಇರಲಿಲ್ಲ. ಮೇಷ್ಟ್ರು ಕೊನೆಯ ಗಾಡಿಯಿಂದ ಶುರು ಮಾಡಿದರು. "ಇಳಿಯಮ್ಮ" ಎಂದರು ಗುಡಿಸುವವಳಿಗೆ. "ಯಾಕೆ, ಗಾಡಿ ಬದಲಾಯ್ತಾ?" ಎಂದು ಅವಳು ನಗುತ್ತಲೇ ಇಳಿದಳು. ಎರಡನೆಯ ಗಾಡಿಯಲ್ಲಿ ಉಗ್ರಾಣದವನು ಕೂತಿದ್ದ, ಮೇಡಂ ಕೂಗು ಕೇಳಿ ಹೆಂಡತಿ ಮಕ್ಕಳನ್ನು ಬೇಗ ಕರೆತರಲು ಯಾರನ್ನೋ ಮನೆಗೆ ಓಡಿಸಿ. ಮೇಷ್ಟ್ರು ಬಾಗಿಲು ತೆರೆದು ನೆಲ ನೋಡಿದರು. ಅವನಿಗೆ ಅರ್ಥವಾಯಿತು. ತೊದಲುವವನು ಆ ದಿನ ತೊದಲಲಿಲ್ಲ.

"ಬಸ್ಸು ಓಡ್ತಿತ್ತಲ್ಲ ಮೇಷ್ಟ್ರೇ. ಅವತ್ತು ನಾನು ಕೇಳಿದ್ನಲ್ಲ."

ಮೇಷ್ಟ್ರು ಬಾಗಿಲನ್ನು ಇನ್ನಷ್ಟು ಅಗಲ ತೆರೆದು ಹಿಡಿದರು. ಅವನು ಚೀಲವನ್ನು ಎದೆಗವಚಿಕೊಂಡು ಇಳಿದು, ಗೇಟಿನ ಕಡೆ ನಡೆದ. ಮನೆಯವರು ದಾರಿಯಲ್ಲಿ ಎದುರಾಗಬಹುದೆಂದು ಅವನ ನಡಿಗೆ ಓಟವಾಯಿತು.

ಮೊದಲ ಗಾಡಿಯಲ್ಲಿ ಅಕ್ಕ ಎಲ್ಲವನ್ನೂ ಕಿಟಕಿಯಿಂದ ನೋಡುತ್ತಿದ್ದಳು. ಮೇಷ್ಟ್ರು ಬಾಗಿಲ ಹತ್ತಿರ ಬಂದಾಗ ಅವಳೇ ಕೇಳಿದಳು.

"ನಿಂಗೆ ಮೊದ್ಲೇ ಗೊತ್ತಿತ್ತೇನೋ?"

"ಗೊತ್ತಿತ್ತಕ್ಕ."

"ಯಾವಾಗಿಂದ?"

"ಮೊದಲನೇ ಸಲ ನಿನ್ನ ಇಲ್ಲಿ ಕೂರಿಸ್ದಾಗಿಂದ."

ಬೈದಿದ್ದರೆ, ಕೆನ್ನೆಗೆ ಎರಡು ಬಿಗಿದಿದ್ದರೆ ಮೇಷ್ಟ್ರು ಬದುಕಿಕೊಳ್ಳುತ್ತಿದ್ದರು. ಅವಳು ಚೀಲ ಎತ್ತಿಕೊಂಡು, ಮಂಡಿ ಹಿಡಿದುಕೊಂಡು ನಿಧಾನವಾಗಿ ಇಳಿದಳು. ಮೇಡಂಗೆ ದಾರಿ ಬಿಟ್ಟಳು. ಮೇಡಂ ಅವಳ ಕೈ ಹಿಡಿದುಕೊಂಡು ಏನೋ ಹೇಳಲು ಹೋಗಿ ಅತ್ತುಬಿಟ್ಟರು, ಅಳುತ್ತಲೇ ಹತ್ತಿ ಕೂತರು. ಕೂರಲು ಜಾಗ ಸಿಕ್ಕಮೇಲೆ ಅಳುವುದು ಅಷ್ಟೇನೂ ಕಷ್ಟವಲ್ಲ.

"ಅಕ್ಕ, ನನ್ನ ಸೀಟಲ್ಲಿ ಕೂತ್ಕೋ" ಎಂದರು ಮೇಷ್ಟ್ರು. "ಮುಂದೆ, ಡ್ರೈವರ್ ಪಕ್ಕ. ನಾನು ಇರ್ತೀನಿ. ಬೇಗ."

ಅಕ್ಕ ಅಂಗಳದ ಕಡೆ ನೋಡಿದಳು. ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ಎಲ್ಲರೂ ನಿಂತಿದ್ದರು, ಹಾಜರಿ ಕೂಗುವುದನ್ನು ಕಾಯುವ ಮಕ್ಕಳ ಹಾಗೆ.

"ಇವರೆಲ್ಲರ ಕಣ್ಣೆದುರಿಗೆ ನಾನೊಬ್ಬಳು ಹತ್ತಿ ಹೋಗ್ಲಾ?" ಎಂದಳು. "ನೀನೇ ಹೋಗು. ನೀನಿಲ್ಲೇ ಉಳಿದ್ರೆ ಇವರೆಲ್ಲ ದಿನಾ ನಿನ್ನ ಮುಖ ನೋಡ್ಬೇಕಾಗತ್ತೆ."

ಡ್ರೈವರ್ ಹಾರನ್ ಹೊಡೆದ. ತಾವಿಲ್ಲದಿದ್ದರೆ ಗಾಡಿಗಳಿಗೆ ದಾರಿ ತಪ್ಪುತ್ತದೆ, ತಪ್ಪಿದರೆ ಒಳಗಿರುವವರೆಲ್ಲ ಸಾಯುತ್ತಾರೆ, ಆದ್ದರಿಂದ ಹೋದೆ ಎಂದು ಮೇಷ್ಟ್ರು ಆಮೇಲೆ ಸಾವಿರ ಸಲ ತಮಗೆ ತಾವೇ ಹೇಳಿಕೊಂಡರು. ಕಾರಣ ಸುಳ್ಳಲ್ಲ. ಆದರೆ ಆ ಕಾರಣ ನೆನಪಾಗುವ ಮೊದಲೇ ಅವರ ಕಾಲು ಗಾಡಿ ಹತ್ತಿತ್ತು.

ಸೇತುವೆ ದಾಟಿದರು. ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ. ನದಿಯಾಚೆಯ ಊರಿನ ಹೋಟೆಲಿನಲ್ಲಿ ಕೈಕಾಲು ತೊಳೆದು ಕೂತಾಗ ಕೇಂದ್ರದಿಂದ ಸಂದೇಶ ಬಂತು. ಮೇಡಂ ಓದಿ ಹೇಳಿದರು: ನಮ್ಮ ಎಲ್ಲ ಸಿಬ್ಬಂದಿಯೂ ಕ್ಷೇಮವಾಗಿ ಹೊರಬಂದಿದ್ದಾರೆ, ಭದ್ರತೆ ನೋಡಿಕೊಂಡವರಿಗೆ ಅಭಿನಂದನೆ. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಎಲ್ಲ ಸಿಬ್ಬಂದಿ! ಮೇಷ್ಟ್ರು ಎದ್ದು ಹೊರಗೆ ಹೋಗಿ ಅಕ್ಕನ ಫೋನಿಗೆ ಕರೆ ಮಾಡಿದರು. ಫೋನು ಹೊಡೆದುಕೊಂಡೇ ಇತ್ತು, ಎತ್ತಲಿಲ್ಲ. ಮೂರನೆಯ ದಿನ ಅದೂ ನಿಂತಿತು.

ನದಿ ದಾಟಿ ಬರುವ ಜನರಿಗಾಗಿ ಸಂಸ್ಥೆ ಅಲ್ಲೇ ಹೊಸ ಶಿಬಿರ ತೆರೆಯಿತು. ಮೇಷ್ಟ್ರಿಗೆ ಅದೇ ಕೆಲಸ ಮುಂದುವರಿಯಿತು. ಹಸಿದ ಜನ ನುಗ್ಗಿದರೆ ಸಿಬ್ಬಂದಿಗೆ ಪೆಟ್ಟಾಗಬಾರದೆಂದು ಗೂಟ ನೆಟ್ಟು, ಹಗ್ಗ ಕಟ್ಟಿ, ಸಾಲು ಮಾಡಿಸಿ ಹೆಸರು ಬರೆಸುವ ಮೇಜಿನವರೆಗೆ ಒಬ್ಬೊಬ್ಬರನ್ನೇ ಬಿಡುವುದು. ಮೇಷ್ಟ್ರು ಪೀಪಿ ಊದುವುದನ್ನು ಬಿಟ್ಟಿದ್ದರು, ಕೈಸನ್ನೆಯಲ್ಲೇ ಜನರನ್ನು ನಿಲ್ಲಿಸುತ್ತಿದ್ದರು. ಬಂದವರ ಮುಖವನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು. ಬರಲಿ ಎಂದು ಹಾರೈಸುತ್ತಿದ್ದರು. ಬಂದರೆ ಹೇಗೆ ಮುಖ ತೋರಿಸುವುದೆಂದು ಹೆದರುತ್ತಲೂ ಇದ್ದರು.

ಒಂದು ಮಧ್ಯಾಹ್ನ ಸಾಲಿನ ನಡುವೆ ಅಕ್ಕ ನಿಂತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಪಾದಕ್ಕೆ ಬಟ್ಟೆ ಸುತ್ತಿಕೊಂಡಿದ್ದಳು. ಕೈಯಲ್ಲಿ ಚೀಲವಿರಲಿಲ್ಲ. ಪಕ್ಕದಲ್ಲಿ ಗುಡಿಸುವವಳು, ಅವಳ ಹಿಂದೆ ಉಗ್ರಾಣದವನ ಹೆಂಡತಿ ಇಬ್ಬರು ಮಕ್ಕಳೊಂದಿಗೆ. ಉಗ್ರಾಣದವನು ಇರಲಿಲ್ಲ.

ಮೇಷ್ಟ್ರು ಓಡಿದರು. ಬಾಯಿಂದ ಬಂದದ್ದು ಒಂದೇ ಮಾತು. "ಅವನೆಲ್ಲಿ?"

ಉತ್ತರ ಕೊಟ್ಟವಳು ಗುಡಿಸುವವಳು, ಮಕ್ಕಳಿಗೆ ಕೇಳಿಸದ ಹಾಗೆ. "ಸೇತುವೆ ಹತ್ರ ಹಿಡ್ಕೊಂಡ್ರು. ಯಾರೋ ಗುರುತು ಹೇಳಿದ್ರು, ಸಂಸ್ಥೆ ಉಗ್ರಾಣದವನು ಅಂತ. ನಮ್ಮನ್ನ ಹೆಂಗಸ್ರು ಅಂತ ಬಿಟ್ರು. ಆಮೇಲೆ ಸುದ್ದಿ ಇಲ್ಲ." ಅವಳು ಮೇಷ್ಟ್ರ ಕತ್ತಿನ ಗುರುತಿನ ಚೀಟಿಯನ್ನೇ ನೋಡುತ್ತಿದ್ದಳು.

ಮೇಷ್ಟ್ರು ಹಗ್ಗ ಎತ್ತಿ ಹಿಡಿದರು. "ಅಕ್ಕ, ಬಾ. ಎಲ್ಲರೂ ಬನ್ನಿ, ಒಳಗೆ ನೆರಳಿದೆ." ಹಿಂದಿನಿಂದ ಜನ ಗಲಾಟೆ ಎಬ್ಬಿಸಿದರು, ನಾವೇನು ಮನುಷ್ಯರಲ್ಲವಾ, ನಾವೂ ಬೆಳಗಿನಿಂದ ನಿಂತಿಲ್ಲವಾ ಎಂದು. ಅಕ್ಕ ಅಲುಗಲಿಲ್ಲ. ಸಾಲು ಬರುವ ಹಾಗೆ ಬರುತ್ತೇನೆ ಎಂದಳು. ಗುಡಿಸುವವಳ ಹೆಗಲು ಹಿಡಿದುಕೊಂಡೇ ನಿಂತಿದ್ದಳು.

ಮೇಷ್ಟ್ರು ಒಳಗೆ ಓಡಿಹೋಗಿ ಮೇಜಿನ ಹಿಂದಿನ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಬಂದರು. ಜನರ ನಡುವೆಯೇ ಅವಳ ಹತ್ತಿರ ಇಟ್ಟು, ಮೇಲಿನ ಧೂಳನ್ನು ತಮ್ಮ ತೋಳಿನಿಂದಲೇ ಒರೆಸಿದರು. "ಸಾಲಲ್ಲೇ ಇರು, ಬೇಡ ಅನ್ನಲ್ಲ. ಕೂತ್ಕೋ ಅಕ್ಕ. ನಿನ್ನ ಕಾಲಿಗೆ ಬೀಳ್ತೀನಿ, ಕೂತ್ಕೋ."

ಅಕ್ಕ ಕುರ್ಚಿಯನ್ನು ನೋಡಿದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ, ದಣಿವಷ್ಟೇ ಇತ್ತು.

"ಬೇಡಪ್ಪ" ಎಂದಳು. "ಕೂರಿಸಿ ಆಮೇಲೆ ಎಬ್ಬಿಸ್ತೀಯ."

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವಳೂ ಸರಿದಳು.